ಟೈಫಾಯ್ಡ್ ನಂತರದ ಪಥ್ಯ: ಏನು, ಎಷ್ಟು, ಎಷ್ಟು ದಿನ?

ಟೈಫಾಯ್ಡ್ ಜ್ವರ ಇಳಿದ ಮಾರನೆಯ ದಿನ ಬಹುತೇಕ ಮನೆಗಳಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ‘ಕರುಳು ಹುಣ್ಣಾಗಿದೆ, ನಲವತ್ತು ದಿನ ಗಂಜಿ ಬಿಟ್ಟು ಬೇರೇನೂ ಮುಟ್ಟಿಸಬೇಡಿ’ ಎನ್ನುವ ಹಿರಿಯರದು ಒಂದು ಪಕ್ಷ. ‘ಪಾಪ, ಎರಡು ವಾರದಿಂದ ಬಾಯಿಗೆ ರುಚಿಯಾದದ್ದು ಏನೂ ಬಿದ್ದಿಲ್ಲ’ ಎಂದು ಮಸಾಲೆ ದೋಸೆ, ಬೇಕರಿಯ ಪಫ್ಸ್ ಕಟ್ಟಿಸಿಕೊಂಡು ಬರುವ ಬಂಧುಗಳದು ಇನ್ನೊಂದು ಪಕ್ಷ. ನಡುವೆ ಹಾಸಿಗೆಯಲ್ಲಿ ಮಲಗಿರುವ ರೋಗಿಗೆ ಹಸಿವು ಮರಳುತ್ತಿರುತ್ತದೆ. ಆದರೆ ಏನು ತಿಂದರೆ ಏನಾಗುತ್ತದೋ ಎಂಬ ಭಯ ಅವರನ್ನು ಕಾಡುತ್ತಿರುತ್ತದೆ.

ಎರಡೂ ಪಕ್ಷದವರದು ಪ್ರೀತಿಯೇ. ಆದರೆ ಎರಡರಿಂದಲೂ ತೊಂದರೆಯುಂಟು. ಅವಸರದ ಊಟದಿಂದ ಹೊಟ್ಟೆನೋವು, ಉಬ್ಬರ, ಭೇದಿ ಕಾಣಿಸಿಕೊಳ್ಳಬಹುದು. ಅತಿಯಾದ ಪಥ್ಯದಿಂದ ಆಗುವ ಹಾನಿ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ರೋಗ ಹೋದರೂ ರೋಗಿ ಮೇಲೇಳುವುದಿಲ್ಲ. ಮೈತೂಕ ಇಳಿಯುತ್ತಲೇ ಹೋಗುತ್ತದೆ. ಪಥ್ಯ ಬೇಕು, ನಿಜ. ಆದರೆ ಅದು ದಿನದಿಂದ ದಿನಕ್ಕೆ ಸಡಿಲವಾಗುತ್ತಾ ಹೋಗಬೇಕು, ಮತ್ತು ಅದಕ್ಕೊಂದು ಕೊನೆಯ ದಿನವಿರಬೇಕು. ಇದು ಹೇಗೆಂದು ಈ ವಾರ ನೋಡೋಣ.

ಕರುಳಿನಲ್ಲಿ ಆಗುವುದೇನು?

ಟೈಫಾಯ್ಡ್ ಅಥವಾ ವಿಷಮಶೀತ ಜ್ವರವನ್ನು ತರುವುದು ಸಾಲ್ಮೊನೆಲ್ಲಾ ಟೈಫಿ ಎಂಬ ರೋಗಾಣು. ರೋಗಿಯ ಅಥವಾ ರೋಗವಾಹಕರ ಮಲದಿಂದ ಕಲುಷಿತವಾದ ನೀರು ಮತ್ತು ಆಹಾರದ ಮೂಲಕ ಅದು ನಮ್ಮ ಹೊಟ್ಟೆ ಸೇರುತ್ತದೆ. ಸಾಮಾನ್ಯವಾಗಿ ಒಂದರಿಂದ ಎರಡು ವಾರಗಳ ನಂತರ ಜ್ವರ ಕಾಣಿಸಿಕೊಳ್ಳುತ್ತದೆ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ, ದೊಡ್ಡ ಕರುಳು ಸೇರುವ ಜಾಗಕ್ಕೆ ಹತ್ತಿರ, ಪೇಯರ್ಸ್ ತೇಪೆಗಳು ಎಂಬ ರೋಗನಿರೋಧಕ ಅಂಗಾಂಶಗಳಿವೆ. ರೋಗಾಣುಗಳ ಮುಖ್ಯ ದಾಳಿ ಇಲ್ಲಿಯೇ. ಅವು ಊದಿಕೊಳ್ಳುತ್ತವೆ, ಕೆಲವರಲ್ಲಿ ಹುಣ್ಣಾಗುತ್ತವೆ.

ಸಕಾಲದಲ್ಲಿ ಚಿಕಿತ್ಸೆ ಸಿಗದಿದ್ದರೆ ಈ ಹುಣ್ಣುಗಳಿಂದ ರಕ್ತಸ್ರಾವವಾಗಬಹುದು. ಅಪರೂಪಕ್ಕೆ ಕರುಳಿನಲ್ಲಿ ತೂತು ಬೀಳಲೂಬಹುದು. ಇಂತಹ ಅಪಾಯ ಹೆಚ್ಚಾಗಿ ಕಂಡುಬರುವುದು ಕಾಯಿಲೆಯ ಮೂರನೆಯ ವಾರದ ಸುಮಾರಿಗೆ. ‘ಕರುಳು ಹುಣ್ಣಾಗಿದೆ’ ಎಂಬ ಹಿರಿಯರ ಮಾತಿನಲ್ಲಿ ಸತ್ಯವಿದೆ ಎಂದಾಯಿತು. ಆದರೆ ಕರುಳು ತೂತಾಗುವುದು ರೋಗಾಣು ಮಾಡಿದ ಹಾನಿಯಿಂದಲೇ ಹೊರತು ಒಂದು ತುತ್ತು ಮೆತ್ತನೆಯ ಅನ್ನದಿಂದಲ್ಲ. ಆ ಹುಣ್ಣನ್ನು ಮಾಯಿಸುವುದು ಎರಡು ಸಂಗತಿಗಳು: ವೈದ್ಯರು ಬರೆದುಕೊಟ್ಟ ಔಷಧದ ಪೂರ್ಣ ಕೋರ್ಸು, ಮತ್ತು ಹೊಸ ಅಂಗಾಂಶ ಕಟ್ಟಲು ಬೇಕಾದ ಪೋಷಣೆ. ಗೋಡೆ ದುರಸ್ತಿಗೆ ಗಾರೆಯವರನ್ನು ಕರೆಸಿ, ಸಿಮೆಂಟು ಕೊಡದೆ ಕೂರಿಸಿದರೆ ಕೆಲಸ ಸಾಗುವುದುಂಟೇ?

ಲಂಘನದ ಲೆಕ್ಕ

‘ಲಂಘನಂ ಪರಮೌಷಧಂ’ ಎಂಬ ಮಾತು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಒಂದು ದಿನದ ಅಜೀರ್ಣಕ್ಕೆ ಒಂದು ಹೊತ್ತಿನ ಉಪವಾಸ ಹಿತವೆನಿಸಬಹುದು. ವಾರಗಟ್ಟಲೆ ಸುಡುವ ಜ್ವರಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಜ್ವರ ಬಂದಾಗ ಶರೀರದ ಒಲೆ ಜೋರಾಗಿ ಉರಿಯುತ್ತಿರುತ್ತದೆ. ಮೈಬಿಸಿ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಶರೀರ ಸುಡುವ ಶಕ್ತಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ ಎಂಬುದು ವೈದ್ಯಶಾಸ್ತ್ರದ ಹಳೆಯ ಲೆಕ್ಕ. ಉರಿಗೆ ಸೌದೆ ಹೊರಗಿನಿಂದ ಬಾರದಿದ್ದರೆ ಶರೀರ ತನ್ನ ಕೊಬ್ಬನ್ನೂ ಮಾಂಸಖಂಡಗಳನ್ನೂ ಸುಡುತ್ತದೆ. ಟೈಫಾಯ್ಡ್ ರೋಗಿಯ ಕೆನ್ನೆ ಒಳಸೇರಿ, ತೋಳು ಕಡ್ಡಿಯಾಗುವುದಕ್ಕೆ ಇದೂ ಕಾರಣ.

ಪಾಶ್ಚಾತ್ಯ ವೈದ್ಯರೂ ಒಂದು ಕಾಲದಲ್ಲಿ ಜ್ವರದ ರೋಗಿಗಳನ್ನು ಉಪವಾಸ ಕೆಡವುತ್ತಿದ್ದರು. ಐರ್ಲೆಂಡಿನ ಡಬ್ಲಿನ್ ನಗರದ ವೈದ್ಯ ರಾಬರ್ಟ್ ಗ್ರೇವ್ಸ್ (1796–1853) ಈ ಪದ್ಧತಿಯನ್ನು ವಿರೋಧಿಸಿ ತಮ್ಮ ರೋಗಿಗಳಿಗೆ ಆಹಾರ ಕೊಡಿಸಿದರು. ಜ್ವರದವರಿಗೆ ಉಣಬಡಿಸಿದವನು ಎಂದು ತಮ್ಮ ಸಮಾಧಿಯ ಮೇಲೆ ಬರೆಸಬೇಕೆಂದು ಅವರು ಹೇಳಿದ್ದರೆಂಬುದು ವೈದ್ಯಕೀಯ ಚರಿತ್ರೆಯ ಪ್ರಸಿದ್ಧ ಪ್ರಸಂಗ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ವೈದ್ಯ ವಾರೆನ್ ಕೋಲ್ಮನ್ ಟೈಫಾಯ್ಡ್ ರೋಗಿಗಳಿಗೆ ಹೆಚ್ಚು ಕ್ಯಾಲರಿಯ ಆಹಾರ ಕೊಟ್ಟು, ಅದರಿಂದ ಅವರಿಗೆ ಅನುಕೂಲವಾಗುವುದನ್ನು ತೋರಿಸಿದರು. ಆಗಿನ್ನೂ ಆಂಟಿಬಯಾಟಿಕ್‌ಗಳಿರಲಿಲ್ಲ. ಟೈಫಾಯ್ಡ್‌ಗೆ ಕ್ಲೋರಾಂಫೆನಿಕಾಲ್ ಬಳಕೆಗೆ ಬಂದದ್ದು 1948ರಲ್ಲಿ.

ಈಗ ನಿಮ್ಮ ಮನೆಯ ಗಂಜಿಯ ಲೆಕ್ಕ ಹಾಕಿ. ಒಂದು ದೊಡ್ಡ ಚಮಚ ಅಕ್ಕಿಯಿಂದ ಮಾಡಿದ ಒಂದು ಲೋಟ ತಿಳಿಗಂಜಿಯಲ್ಲಿ ಸಿಗುವುದು ಸುಮಾರು 50 ಕ್ಯಾಲರಿ. ದಿನಕ್ಕೆ ಆರು ಲೋಟ ಕುಡಿದರೂ 300 ಕ್ಯಾಲರಿ ದಾಟುವುದಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 2000 ಕ್ಯಾಲರಿ. ಅಂದರೆ ‘ಗಂಜಿ ಕುಡೀತಾ ಇದ್ದಾರಲ್ಲ’ ಎಂದು ನೀವು ಸಮಾಧಾನಪಟ್ಟುಕೊಳ್ಳುವ ಹೊತ್ತಿನಲ್ಲಿ ರೋಗಿ ನಿಜವಾಗಿ ಉಪವಾಸವಿರುತ್ತಾರೆ. ಅದೇ ಗಂಜಿಗೆ ಅಕ್ಕಿಯ ಜೊತೆ ಹೆಸರುಬೇಳೆ ಸೇರಿಸಿ, ಗಟ್ಟಿಯಾಗಿ ಬೇಯಿಸಿ, ಒಂದು ಸಣ್ಣ ಚಮಚ ತುಪ್ಪ ಬೆರೆಸಿದರೆ ಪೋಷಣೆ ಎಷ್ಟೋ ಪಟ್ಟು ಹೆಚ್ಚುತ್ತದೆ. ಒಂದು ಸಣ್ಣ ಚಮಚ ತುಪ್ಪದಲ್ಲೇ ಸುಮಾರು 40 ಕ್ಯಾಲರಿ ಇದೆ.

ಮೆಟ್ಟಿಲು ಮೆಟ್ಟಿಲಾಗಿ

ಪಥ್ಯವನ್ನು ನಾಲ್ಕು ಮೆಟ್ಟಿಲುಗಳೆಂದು ಭಾವಿಸಿಕೊಳ್ಳಿ. ಕೆಳಗಿನ ದಿನಗಳ ಲೆಕ್ಕ ತೊಡಕುಗಳಿಲ್ಲದ ಸಾಮಾನ್ಯ ರೋಗಿಗೆ. ರಕ್ತಸ್ರಾವವಾಗಿದ್ದವರು ಮತ್ತು ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ತಮ್ಮ ವೈದ್ಯರು ಹೇಳಿದ ಕ್ರಮವನ್ನೇ ಅನುಸರಿಸಬೇಕು.

ಮೊದಲ ಮೆಟ್ಟಿಲು, ಜ್ವರ ಇರುವಾಗ: ದ್ರವ ಮತ್ತು ಅರೆದ್ರವ ಆಹಾರ. ಒಮ್ಮೆಗೇ ಹೊಟ್ಟೆ ತುಂಬ ಕೊಡುವ ಬದಲು ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಬೇಳೆ ಸೇರಿಸಿದ ಗಂಜಿ, ರಾಗಿ ಸರಿ, ಬೇಳೆಯ ತಿಳಿಸಾರು, ಬಾರ್ಲಿ ನೀರು, ಎಳನೀರು, ಮನೆಯಲ್ಲೇ ಹಿಂಡಿದ ಹಣ್ಣಿನ ರಸ, ಕಾಯಿಸಿದ ಹಾಲು, ಮಜ್ಜಿಗೆ ಇವೆಲ್ಲ ಆಗಬಹುದು. ಬೆವರಿನಲ್ಲಿ ನೀರು ನಷ್ಟವಾಗುವುದರಿಂದ ದಿನವಿಡೀ ಕುದಿಸಿ ಆರಿಸಿದ ನೀರು ಕುಡಿಸುತ್ತಿರಿ. ಭೇದಿ ಇದ್ದರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಈ ಹಂತದಲ್ಲೇ ರೋಗಿಗೆ ಹಸಿವಿದ್ದು, ಹೊಟ್ಟೆ ಉಬ್ಬರ, ವಾಂತಿ ಇಲ್ಲದಿದ್ದರೆ ಮೆತ್ತನೆಯ ಅನ್ನ ಕೊಡಲು ಅಡ್ಡಿಯಿಲ್ಲ.

ಎರಡನೆಯ ಮೆಟ್ಟಿಲು, ಜ್ವರ ಬಿಟ್ಟ ಮೊದಲ ವಾರ: ಹಲ್ಲಿಗೆ ಕೆಲಸವಿಲ್ಲದಷ್ಟು ಮೆತ್ತಗಿನ ಊಟ. ಹೆಸರುಬೇಳೆ ತೊವ್ವೆಯೊಡನೆ ಹಿಸುಕಿದ ಅನ್ನ, ಇಡ್ಲಿ, ರವೆ ಗಂಜಿ, ಸಬ್ಬಕ್ಕಿ ಪಾಯಸ, ಹಾಲಿನಲ್ಲಿ ನೆನೆಸಿದ ಬ್ರೆಡ್, ಬೇಯಿಸಿ ಹಿಸುಕಿದ ಆಲೂಗಡ್ಡೆ, ಕ್ಯಾರೆಟ್, ಸೋರೆಕಾಯಿ. ಹಣ್ಣುಗಳಲ್ಲಿ ಚೆನ್ನಾಗಿ ಕಳಿತ ಬಾಳೆ, ಪಪ್ಪಾಯಿ. ಮೊಟ್ಟೆ ತಿನ್ನುವವರಿಗೆ ಚೆನ್ನಾಗಿ ಬೇಯಿಸಿದ ಮೊಟ್ಟೆ ಕೊಡಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ. ತಿನ್ನದವರಿಗೆ ಬೇಳೆ, ಹಾಲು, ಮೊಸರು ಆ ಕೊರತೆಯನ್ನು ತುಂಬುತ್ತವೆ. ಕರಾವಳಿಯವರು ಚೆನ್ನಾಗಿ ಬೆಂದ ಕುಚ್ಚಲಕ್ಕಿ ಗಂಜಿಯನ್ನೂ, ಉತ್ತರ ಕರ್ನಾಟಕದವರು ಮೆತ್ತಗೆ ಬೇಯಿಸಿದ ಜೋಳದ ನುಚ್ಚನ್ನು ಮಜ್ಜಿಗೆಯೊಡನೆಯೂ ಧಾರಾಳವಾಗಿ ಕೊಡಬಹುದು. ಪಥ್ಯವೆಂದರೆ ಬ್ರೆಡ್ಡು, ಬಿಸ್ಕತ್ತು, ಡಬ್ಬಿಯ ಪುಡಿಗಳೇ ಆಗಬೇಕೆಂದಿಲ್ಲ. ಹುಟ್ಟಿದಾಗಿನಿಂದ ಉಂಡ ಊಟವನ್ನೇ ಮೆತ್ತಗೆ ಮಾಡಿಕೊಟ್ಟರೆ ರೋಗಿಗೂ ಒಗ್ಗುತ್ತದೆ.

ಮೂರನೆಯ ಮೆಟ್ಟಿಲು, ಎರಡನೆಯ ವಾರ: ಮೃದುವಾದ ಚಪಾತಿ, ಮುದ್ದೆ, ರೊಟ್ಟಿ, ಬೇಯಿಸಿದ ಸೊಪ್ಪು, ತರಕಾರಿ ಪಲ್ಯ. ಮಾಂಸಾಹಾರಿಗಳಿಗೆ ಖಾರವಿಲ್ಲದೆ ಬೇಯಿಸಿದ ಮೀನು, ಕೋಳಿ. ಇಲ್ಲಿ ಒಂದು ನಿಯಮವನ್ನು ಪಾಲಿಸಿ: ದಿನಕ್ಕೆ ಒಂದೇ ಹೊಸ ಪದಾರ್ಥ. ಹೊಟ್ಟೆ ಕೆಟ್ಟರೆ ಯಾವುದರಿಂದ ಎಂದು ಆಗ ಗೊತ್ತಾಗುತ್ತದೆ. ಕೆಟ್ಟರೆ ಗಾಬರಿಯಾಗಿ ಎಲ್ಲವನ್ನೂ ನಿಲ್ಲಿಸಬೇಡಿ. ಆ ಒಂದನ್ನು ನಾಲ್ಕು ದಿನ ಮುಂದೂಡಿ, ಮತ್ತೆ ಕೊಟ್ಟುನೋಡಿ.

ನಾಲ್ಕನೆಯ ಮೆಟ್ಟಿಲು, ಮೂರನೆಯ ವಾರದಿಂದ: ಮನೆಯವರೆಲ್ಲ ತಿನ್ನುವ ಸಾಮಾನ್ಯ ಊಟ. ಕರಿದ ತಿಂಡಿ, ಕಾರದ ಉಪ್ಪಿನಕಾಯಿ, ಇಡೀ ಕಾಳುಗಳ ಉಸಲಿ, ಹಸಿ ಕೋಸಂಬರಿ ಇವನ್ನು ಕೊನೆಗೆ ಸೇರಿಸಿ. ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಪಥ್ಯ ಮುಗಿಯಬೇಕು. ರಸ್ತೆ ಬದಿಯ ಪಾನಿಪುರಿ, ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಪಾನೀಯಗಳ ಮಾತು ಬೇರೆ. ಅವುಗಳ ತೊಡಕು ಜೀರ್ಣಕ್ಕಿಂತ ಶುಚಿಗೆ ಸಂಬಂಧಿಸಿದ್ದು. ಒಮ್ಮೆ ಟೈಫಾಯ್ಡ್ ಬಂದವರಿಗೆ ಮತ್ತೆ ಬರುವುದಿಲ್ಲವೆಂಬ ಭರವಸೆ ಏನೂ ಇಲ್ಲ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿದರೆ?

ಕರುಳಿನ ಕಾಯಿಲೆಯ ನಂತರ ಕೆಲವರಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ತಾತ್ಕಾಲಿಕವಾಗಿ ಕುಗ್ಗುತ್ತದೆ. ಹಾಲು ಕುಡಿದೊಡನೆ ಹೊಟ್ಟೆ ಗುಡುಗುಟ್ಟಿ ನೀರು ನೀರಾಗಿ ಭೇದಿಯಾದರೆ ಹಾಲನ್ನು ಒಂದೆರಡು ವಾರ ಬಿಟ್ಟು ಮೊಸರು, ಮಜ್ಜಿಗೆ ಕೊಡಿ. ಹುಳಿಯುವಾಗ ಹಾಲಿನ ಸಕ್ಕರೆಯ ಒಂದು ಭಾಗ ಖರ್ಚಾಗಿರುವುದರಿಂದ ಮೊಸರು ಹೆಚ್ಚಿನವರಿಗೆ ಒಗ್ಗುತ್ತದೆ. ಕರುಳು ಚೇತರಿಸಿಕೊಂಡ ಮೇಲೆ ಹಾಲೂ ಒಗ್ಗುತ್ತದೆ.

ಇಲ್ಲಿ ನಂಜಿನ ಮಾತು ಬರುತ್ತದೆ. ಮೊಸರು ಶೀತ, ಬಾಳೆಹಣ್ಣು ಕಫ, ಮೊಟ್ಟೆ ಉಷ್ಣ, ಸೊಪ್ಪು ಜೀರ್ಣವಾಗದು, ಬದನೆ ನಂಜು, ತುಪ್ಪ ಭಾರ ಎಂದು ನೆರೆಹೊರೆಯವರು ಒಬ್ಬೊಬ್ಬರೂ ಒಂದೊಂದನ್ನು ಕಳೆಯುತ್ತಾ ಹೋದರೆ ಎಲೆಯ ಮೇಲೆ ಉಳಿಯುವುದು ಬರೀ ಅನ್ನದ ನೀರು. ಕಳೆದುಹೋದವುಗಳಲ್ಲಿ ರೋಗಿಗೆ ಅತ್ಯಗತ್ಯವಾದ ಪ್ರೋಟೀನು, ಜೀವಸತ್ವ, ಕೊಬ್ಬು ಎಲ್ಲವೂ ಸೇರಿರುತ್ತವೆ. ಹಿರಿಯರೊಡನೆ ಜಗಳವಾಡಬೇಕಿಲ್ಲ. ಅವರು ಒಂದನ್ನು ಬೇಡವೆಂದರೆ ‘ಆಗಲಿ, ಅದರ ಬದಲು ಏನು ಕೊಡೋಣ?’ ಎಂದು ಅವರನ್ನೇ ಕೇಳಿ. ಮೊಟ್ಟೆ ಬೇಡವಾದರೆ ತೊವ್ವೆ ಎರಡು ಸೌಟು ಹೆಚ್ಚಾಗಲಿ.

ನಾಲಿಗೆಯ ಕಷ್ಟ, ಮನಸ್ಸಿನ ಕಷ್ಟ

ಪಥ್ಯದಲ್ಲಿರುವವರ ಸಿಡುಕನ್ನು ಮನೆಯವರು ತಪ್ಪು ತಿಳಿಯಬಾರದು. ಜ್ವರದಿಂದ ನಾಲಿಗೆ ಕಹಿಯಾಗಿರುತ್ತದೆ, ಮೈಯಲ್ಲಿ ಶಕ್ತಿಯಿರುವುದಿಲ್ಲ. ಅಡುಗೆಮನೆಯಿಂದ ಹುಳಿಯ ಒಗ್ಗರಣೆಯ ವಾಸನೆ ಬರುತ್ತಿರುವಾಗ ತಟ್ಟೆಯಲ್ಲಿ ಬಿಳಿ ಗಂಜಿ ಕಂಡರೆ ಯಾರಿಗಾದರೂ ಅಳು ಬಂದೀತು. ‘ನಿಮ್ಮ ಒಳ್ಳೆಯದಕ್ಕೇ ಹೇಳುವುದು’ ಎಂಬ ಉಪದೇಶದಿಂದ ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ.

ಪಥ್ಯ ಸಪ್ಪೆಯಾಗಿಯೇ ಇರಬೇಕೆಂಬ ನಿಯಮವಿಲ್ಲ. ಕಡಿಮೆ ಮಾಡಬೇಕಾದದ್ದು ಮೆಣಸಿನಕಾಯಿ ಮತ್ತು ಎಣ್ಣೆಯನ್ನು. ಜೀರಿಗೆ, ಇಂಗು, ಕರಿಬೇವು, ಕೊತ್ತಂಬರಿ ಸೊಪ್ಪು, ಚೂರು ಶುಂಠಿ, ನಾಲ್ಕು ಹನಿ ನಿಂಬೆರಸ, ಹದವಾದ ಉಪ್ಪು ಇವು ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ, ನಾಲಿಗೆಗೆ ಜೀವ ತರುತ್ತವೆ. ತೊವ್ವೆಗೆ ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಇಂಗಿನ ಒಗ್ಗರಣೆ ಕೊಟ್ಟುನೋಡಿ.

ಇನ್ನೊಂದು ಉಪಾಯ: ಎದ್ದು ಕೂರುವ ಶಕ್ತಿ ಬಂದೊಡನೆ ರೋಗಿಯನ್ನು ಪಂಕ್ತಿಗೆ ಕರೆಯಿರಿ. ಮೊದಲ ವಾರ ಮನೆಯವರೆಲ್ಲ ತೊವ್ವೆ, ಅನ್ನ, ಸೋರೆಕಾಯಿ ಪಲ್ಯವನ್ನೇ ಉಂಡರೆ ಯಾರಿಗೂ ನಷ್ಟವಿಲ್ಲ. ಖಾರ ಬೇಕಾದವರು ಚಟ್ನಿಪುಡಿ ಹಾಕಿಕೊಳ್ಳಲಿ. ಮಕ್ಕಳಿಗಂತೂ ಇದು ಬಹಳ ಮುಖ್ಯ. ಅಣ್ಣನ ಕೈಯಲ್ಲಿ ಚಕ್ಕುಲಿ, ತಮ್ಮನ ಕೈಯಲ್ಲಿ ಗಂಜಿ ಲೋಟ ಇದ್ದರೆ ಪಥ್ಯ ಕದ್ದು ಮುರಿಯುವುದು ಖಂಡಿತ. ಬೊಂಡ, ಬಜ್ಜಿ, ಹಬ್ಬದಡುಗೆಯನ್ನು ಸಾಧ್ಯವಾದರೆ ಎರಡು ವಾರ ಮುಂದೂಡಿ.

ಜ್ವರ ಬಿಟ್ಟು ಎರಡು ಮೂರು ತಿಂಗಳಾದ ಮೇಲೆ ಕೂದಲು ಉದುರುವುದುಂಟು. ಹೆದರಬೇಡಿ, ಪೋಷಣೆ ಸರಿಯಿದ್ದರೆ ಮತ್ತೆ ಬೆಳೆಯುತ್ತದೆ.

ಅಡುಗೆ ಮಾಡುವವರೇ ರೋಗಿಯಾದರೆ

ಮನೆಯ ಯಜಮಾನರಿಗೋ ಮಕ್ಕಳಿಗೋ ಟೈಫಾಯ್ಡ್ ಬಂದರೆ ಹೊತ್ತು ಹೊತ್ತಿಗೆ ಗಂಜಿ ಬರುತ್ತದೆ. ಗೃಹಿಣಿಗೇ ಬಂದರೆ? ಜ್ವರ ಬಿಟ್ಟ ಮೂರನೆಯ ದಿನ ಅವರು ಒಲೆಯ ಮುಂದೆ ನಿಂತಿರುತ್ತಾರೆ. ಎಲ್ಲರಿಗೂ ಹುಳಿ, ಪಲ್ಯ ಮಾಡಿ ಮುಗಿಸುವಷ್ಟರಲ್ಲಿ ಸುಸ್ತಾಗಿ, ತಮಗೆಂದು ಬೇರೆ ಮಾಡಿಕೊಳ್ಳುವ ತ್ರಾಣವಿಲ್ಲದೆ ಒಂದು ಲೋಟ ಕಾಫಿ ಕುಡಿದು ಮಲಗುತ್ತಾರೆ. ಹೀಗಾದರೆ ಪಥ್ಯದ ಪಟ್ಟಿ ಎಷ್ಟು ಚೆನ್ನಾಗಿದ್ದರೂ ಫಲವಿಲ್ಲ.

ಅವರನ್ನು ಅಡುಗೆಮನೆಯಿಂದ ದೂರವಿಡಲು ಇನ್ನೊಂದು ಬಲವಾದ ಕಾರಣವಿದೆ. ಜ್ವರ ಬಿಟ್ಟ ಮೇಲೂ ಕೆಲವು ವಾರ ರೋಗಿಯ ಮಲದಲ್ಲಿ ರೋಗಾಣುಗಳು ಹೊರಬರುತ್ತಿರಬಹುದು. ನೂರರಲ್ಲಿ ಒಬ್ಬರಿಂದ ಐವರು ಒಂದು ವರ್ಷಕ್ಕೂ ಮಿಕ್ಕಿ ರೋಗವಾಹಕರಾಗಿ ಉಳಿಯುತ್ತಾರೆ. ರೋಗಾಣು ಅವರ ಪಿತ್ತಕೋಶದಲ್ಲಿ ಮನೆ ಮಾಡಿಕೊಂಡಿರುತ್ತದೆ. ನ್ಯೂಯಾರ್ಕಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಮೇರಿ ಮ್ಯಾಲನ್ ಎಂಬಾಕೆ ಇಂತಹ ವಾಹಕಿಯೆಂದು 1907ರಲ್ಲಿ ಪತ್ತೆಯಾಯಿತು. ನೋಡಲು ಆರೋಗ್ಯವಾಗಿಯೇ ಇದ್ದ ಆಕೆಯ ಅಡುಗೆಯಿಂದ ಹಲವರಿಗೆ ಕಾಯಿಲೆ ತಗುಲಿತ್ತು. ಆದ್ದರಿಂದ ವೈದ್ಯರು ಒಪ್ಪುವವರೆಗೆ ಟೈಫಾಯ್ಡ್ ಆದವರು ಇತರರಿಗಾಗಿ ಅಡುಗೆ ಮಾಡದಿರುವುದು ಲೇಸು. ಹೋಟೆಲು, ಹಾಸ್ಟೆಲು, ಶಾಲೆಯ ಬಿಸಿಯೂಟದ ಕೆಲಸದವರಿಗೆ ಇದು ಇನ್ನೂ ಮುಖ್ಯ. ಶೌಚದ ನಂತರ, ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯುವ ಅಭ್ಯಾಸ ಎಲ್ಲರಿಗೂ ಇರಲಿ. ಕುಡಿಯುವ ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲಿ. ಆರು ತಿಂಗಳು ಮೇಲ್ಪಟ್ಟ ಮಕ್ಕಳಿಗೂ ಕೊಡಬಹುದಾದ ಟೈಫಾಯ್ಡ್ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿದೆ. ಮನೆಯ ಇತರರಿಗೆ ಹಾಕಿಸುವ ಬಗ್ಗೆ ವೈದ್ಯರೊಡನೆ ಮಾತನಾಡಿ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಹಠಾತ್ತನೆ ಜೋರಾಗಿ ಹೊಟ್ಟೆನೋವು ಬಂದು ಹೊಟ್ಟೆ ಗಟ್ಟಿಯಾದರೆ, ಬಿಡದೆ ವಾಂತಿಯಾದರೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ, ಮಲ ಟಾರಿನಂತೆ ಕಪ್ಪಾಗಿದ್ದರೆ ಅಥವಾ ಅದರಲ್ಲಿ ರಕ್ತ ಕಂಡರೆ, ರೋಗಿ ಬೆವರಿ ತಲೆ ತಿರುಗಿ ಬಿದ್ದರೆ, ಮಂಕಾಗಿ ಏನೇನೋ ಬಡಬಡಿಸಿದರೆ ತಡಮಾಡಬೇಡಿ. ಬಾಯಿಗೆ ನೀರನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಓಮದ ಕಷಾಯ, ನೋವಿನ ಮಾತ್ರೆ, ಭೇದಿಯ ಔಷಧಗಳ ಪ್ರಯೋಗಕ್ಕೆ ಇದು ಸಮಯವಲ್ಲ.

ಜ್ವರ ಬಿಟ್ಟ ಎರಡು ಮೂರು ವಾರಗಳಲ್ಲಿ ಕೆಲವರಿಗೆ ಟೈಫಾಯ್ಡ್ ಮರುಕಳಿಸುತ್ತದೆ. ಆಗ ‘ಮೊನ್ನೆ ಇಡ್ಲಿ ಚಟ್ನಿ ತಿಂದದ್ದೇ ಕಾರಣ’ ಎಂದು ರೋಗಿಯನ್ನು ಬಯ್ಯುವುದು ವಾಡಿಕೆ. ಮರುಕಳಿಸುವುದು ದೇಹದಲ್ಲಿ ಉಳಿದುಕೊಂಡ ರೋಗಾಣುಗಳಿಂದ. ನಾಲ್ಕು ದಿನಕ್ಕೆ ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸುವುದು ಅಪಥ್ಯಕ್ಕಿಂತ ದೊಡ್ಡ ಅಪಾಯ. ಅನೇಕ ಹಳೆಯ ಔಷಧಗಳಿಗೆ ಈ ರೋಗಾಣು ಬಗ್ಗದಂತಾಗಿರುವುದರಿಂದ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವುದೂ ತರವಲ್ಲ. ಮತ್ತೆ ಜ್ವರ ಬಂದರೆ ವೈದ್ಯರ ಬಳಿಗೆ ಹೋಗಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಗಂಜಿ, ಎಳನೀರು, ಹಣ್ಣಿನ ರಸದ ಪ್ರಮಾಣವನ್ನೂ ಅವರನ್ನು ಕೇಳಿಯೇ ನಿರ್ಧರಿಸಲಿ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಕೊನೆಯದಾಗಿ ಒಂದು ಸಣ್ಣ ಕೆಲಸ. ಜ್ವರ ಪೂರ್ತಿ ಬಿಟ್ಟ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಂದ ಒಂದು, ಎರಡು, ಮೂರು, ನಾಲ್ಕು ವಾರಗಳಿಗೆ ಒಂದೊಂದು ಗೆರೆ ಎಳೆದು, ಯಾವ ವಾರ ಏನು ಸೇರಿಸಬೇಕೆಂದು ಪಕ್ಕದಲ್ಲಿ ಬರೆಯಿರಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ರೋಗಿಯ ತೂಕ ನೋಡಿ, ಅದನ್ನೂ ಅಲ್ಲೇ ಗುರುತಿಸಿ. ತೂಕ ಏರುತ್ತಿದ್ದರೆ ನಿಮ್ಮ ಪಥ್ಯ ಸರಿಯಾದ ದಾರಿಯಲ್ಲಿದೆ. ಎರಡು ವಾರವಾದರೂ ಏರದಿದ್ದರೆ ಅಥವಾ ಇಳಿಯುತ್ತಿದ್ದರೆ ಊಟ ಸಾಲುತ್ತಿಲ್ಲ, ಇಲ್ಲವೇ ಬೇರೇನೋ ತೊಂದರೆಯಿದೆ. ಆ ಕಾಗದದೊಡನೆಯೇ ವೈದ್ಯರನ್ನು ಕಾಣಿ.

ನಾಲ್ಕನೆಯ ಗೆರೆಯ ದಿನ ರೋಗಿಗೆ ಇಷ್ಟವಾದ ಅಡುಗೆ ಏನೆಂದು ಈಗಲೇ ಕೇಳಿ ಬರೆದಿಡಿ. ಮನೆಯಲ್ಲೇ ಬಿಸಿಬಿಸಿಯಾಗಿ ಮಾಡಿದ ಬಿಸಿಬೇಳೆ ಅನ್ನವೋ ಜೋಳದ ರೊಟ್ಟಿ ಎಣ್ಣೆಗಾಯಿಯೋ ಮೀನಿನ ಸಾರೋ ಯಾವುದಾದರೂ ಆದೀತು. ಅಂದು ಎಲ್ಲರೂ ಜೊತೆಗೆ ಕೂತು ಉಣ್ಣಿ.